ಜಾಲಸಂಚಾರದಲ್ಲಿ ದೋಷಪ್ರವೇಶ: ಒಂದು ಪರೀಕ್ಷಾಪದ್ಧತಿಯ ಚರಿತ್ರೆ

ಯಾವ ವ್ಯವಸ್ಥೆಯ ಬಲವನ್ನಾಗಲಿ ಅದು ನೆಟ್ಟಗೆ ನಡೆಯುತ್ತಿರುವಾಗ ಅಳೆಯಲು ಬರುವುದಿಲ್ಲ. ಕೆರೆಯ ಏರಿ ಎಷ್ಟು ಗಟ್ಟಿಯೆಂಬುದು ತಿಳಿಯುವುದು ಕೋಡಿ ಹರಿಯುವ ವರ್ಷದಲ್ಲಿ. ಆದರೆ ಕೋಡಿ ಹರಿಯುವವರೆಗೆ ಕಾಯದೆ, ನೀರು ತಗ್ಗಿದ ದಿನಗಳಲ್ಲಿಯೇ ಏರಿಯ ಮೇಲೆ ತಾನಾಗಿ ಒತ್ತಡ ಹೇರಿ, ಅದು ಎಲ್ಲಿ ಜಿನುಗುತ್ತದೆಂದು ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಗಣಕಯಂತ್ರಗಳ ಜಾಲದಲ್ಲಿ ಅಂಥದೊಂದು ಧೈರ್ಯವು ಕ್ರಮಬದ್ಧವಾದ ಪದ್ಧತಿಯಾಗಿ ಬೆಳೆದುದು ಕಳೆದ ಮೂವತ್ತು ವರ್ಷಗಳಲ್ಲಿ. ಒಂದು ದೊಡ್ಡ ತಂತ್ರಾಂಶವನ್ನು ಮೈಕ್ರೋಸರ್ವಿಸ್‌ಗಳೆಂಬ ಹಲವು ಸ್ವತಂತ್ರ ಕಿರುಸೇವೆಗಳಾಗಿ ಒಡೆದು, ಅವು ಪರಸ್ಪರ ಕಳುಹಿಸುವ ಸಂದೇಶಗಳನ್ನು ನಡುದಾರಿಯಲ್ಲಿ ಬೇಕೆಂದೇ ತಡೆದು, ತಡಮಾಡಿ, ಇಲ್ಲವೆ ಕೆಡಿಸಿ, ಇಡೀ ವ್ಯವಸ್ಥೆ ಅದನ್ನು ಹೇಗೆ ತಾಳಿಕೊಳ್ಳುತ್ತದೆಂದು ಪರೀಕ್ಷಿಸುವುದೇ ಆ ಪದ್ಧತಿ. ಇದನ್ನು ಇಲ್ಲಿ ‘ದೋಷಪ್ರವೇಶ’ವೆಂದು ಕರೆಯಲಾಗಿದೆ. ಇದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ೨೦೧೦ರಲ್ಲಿ ಪ್ರಚಾರಕ್ಕೆ ಬಂದ, ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯ ‘ಕೇಯಾಸ್ ಮಂಕಿ’ ಎಂಬ ಉಪಕರಣದಿಂದ ಆರಂಭಿಸುತ್ತಾರೆ. ಈ ಅಭಿಪ್ರಾಯದಲ್ಲಿ ಸತ್ಯಾಂಶವಿದೆ. ಆದರೆ ಅದು ಪೂರ್ಣಸತ್ಯವಲ್ಲ. ಆ ಉಪಕರಣ ಯಂತ್ರಗಳನ್ನು ಕೊಲ್ಲುತ್ತಿದ್ದಿತು. ಸಂದೇಶಗಳ ಗೊಡವೆಗೆ ಹೋಗುತ್ತಿರಲಿಲ್ಲ. ಸತ್ತ ಯಂತ್ರಕ್ಕಿಂತ ತಡವರಿಸುವ ಯಂತ್ರವೇ ಹೆಚ್ಚು ಅಪಾಯಕಾರಿ ಎಂಬ ಅರಿವು ದೋಷಪ್ರವೇಶದ ಚರಿತ್ರೆಯ ನಿಜವಾದ ಫಲವೆಂದೂ, ಈ ಅರಿವು ಪ್ರಯೋಗಶಾಲೆಯ ಪರಂಪರೆ ಮತ್ತು ಕವಾಯತಿನ ಪರಂಪರೆ ಎಂಬ ಎರಡು ಬೇರೆ ಬೇರೆ ಧಾರೆಗಳು ೨೦೧೬–೧೭ರ ಹೊತ್ತಿಗೆ ಕೂಡಿದಾಗ ಮಾತ್ರ ಎಲ್ಲರ ಕೈಗೆ ಎಟುಕಿತೆಂದೂ ಈ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ.

ಆಧಾರಗಳ ವಿಷಯದಲ್ಲಿ ಒಂದು ಮಾತು ಅವಶ್ಯ. ಈ ಕಾಲದ ಸಾಕ್ಷ್ಯಗಳಲ್ಲಿ ಬಹುಭಾಗ ಆಯಾ ಸಂಸ್ಥೆಗಳು ತಮ್ಮ ಕಾರ್ಯವನ್ನು ಕುರಿತು ತಾವೇ ಬರೆದುಕೊಂಡವು. ಶಾಸನಗಳನ್ನು ಓದುವವರಿಗೆ ಈ ಪರಿಸ್ಥಿತಿ ಹೊಸತಲ್ಲ. ಪ್ರಶಸ್ತಿಭಾಗದಲ್ಲಿ ಅರಸನು ಗೆದ್ದನೆಂದು ಹೇಳುವ ರಾಜ್ಯಗಳ ಪಟ್ಟಿಯನ್ನು ನಾವು ಎಚ್ಚರದಿಂದ ಓದುತ್ತೇವೆ; ದಾನಭಾಗದಲ್ಲಿ ಬರುವ ಹೊಲದ ಎಲ್ಲೆ, ತೆರಿಗೆಯ ಮೊತ್ತ ಮುಂತಾದ ವಿವರಗಳನ್ನು ಹೆಚ್ಚು ನಂಬುತ್ತೇವೆ. ಇಲ್ಲಿಯೂ ಅದೇ ನ್ಯಾಯವನ್ನು ಅನುಸರಿಸಿ, ವಿಜಯದ ಘೋಷಣೆಗಳಿಗಿಂತ ಉಪಕರಣಗಳ ರಚನೆ ಮತ್ತು ಅವು ಬಯಲಿಗೆಳೆದ ತಪ್ಪುಗಳ ವಿವರಕ್ಕೆ ಹೆಚ್ಚಿನ ಬೆಲೆಯನ್ನು ಕೊಡಲಾಗಿದೆ.

೧. ಹಿನ್ನೆಲೆ

ಒಂದೇ ಯಂತ್ರದೊಳಗೆ ನಡೆಯುವ ತಂತ್ರಾಂಶದಲ್ಲಿ ಒಂದು ಭಾಗ ಇನ್ನೊಂದನ್ನು ಕರೆದಾಗ ಉತ್ತರ ಬಂದೇ ಬರುತ್ತದೆ; ಇಲ್ಲವಾದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಆ ಎರಡು ಭಾಗಗಳ ನಡುವೆ ತಂತಿಯೊಂದು ಬಂದೊಡನೆ ಸ್ಥಿತಿ ಬದಲಾಗುತ್ತದೆ. ಉತ್ತರ ಬಾರದಿದ್ದರೆ ಕೇಳಿದ ಯಂತ್ರ ಸತ್ತಿದೆಯೋ, ದಾರಿ ಕಡಿದಿದೆಯೋ, ಅಥವಾ ಉತ್ತರ ಇನ್ನೂ ದಾರಿಯಲ್ಲಿದೆಯೋ ಎಂಬುದು ಕರೆದವನಿಗೆ ತಿಳಿಯದು. ಈ ಅನಿಶ್ಚಯವೇ ಮುಂದಿನ ಎಲ್ಲ ಕಥೆಗೂ ಬೀಜ.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಪೀಟರ್ ಡಾಯ್ಚ್ ೧೯೯೪ರಲ್ಲಿ, ಜಾಲದ ಮೇಲೆ ತಂತ್ರಾಂಶ ಕಟ್ಟುವವರು ತಿಳಿಯದೆಯೇ ನಂಬಿಕೊಳ್ಳುವ ಏಳು ಭ್ರಮೆಗಳನ್ನು ಪಟ್ಟಿಮಾಡಿದನು. ಎಂಟನೆಯದನ್ನು ಜೇಮ್ಸ್ ಗೋಸ್ಲಿಂಗ್ ತರುವಾಯ ಸೇರಿಸಿದನು. ಜಾಲ ಎಂದಿಗೂ ಕೈಕೊಡುವುದಿಲ್ಲವೆಂಬುದು ಮೊದಲನೆಯ ಭ್ರಮೆ; ಸಂದೇಶ ತಲುಪಲು ಹೊತ್ತೇ ಹಿಡಿಯುವುದಿಲ್ಲವೆಂಬುದು ಎರಡನೆಯದು. ಇವು ಭ್ರಮೆಗಳೆಂದು ಒಪ್ಪದ ಇಂಜಿನಿಯರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಬರೆಯುವಾಗ ಅವನ್ನು ಮರೆಯುವುದು ಸುಲಭ. ಏಕೆಂದರೆ ಬರೆಯುವವನ ಮೇಜಿನ ಮೇಲೆ ಜಾಲ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಇದಕ್ಕೂ ಮೊದಲೇ, ೧೯೯೦ರ ಜನವರಿ ೧೫ರಂದು, ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲದಲ್ಲಿ ನಡೆದ ಘಟನೆ ಗಮನಾರ್ಹವಾದುದು. ನ್ಯೂಯಾರ್ಕಿನ ಒಂದು ಸ್ವಿಚ್ಚು ಸಣ್ಣ ತೊಂದರೆಯೊಂದನ್ನು ಕಂಡು ತಾನಾಗಿ ನಿಂತು, ಕೆಲವು ಸೆಕೆಂಡುಗಳಲ್ಲಿ ಚೇತರಿಸಿಕೊಂಡು, ಮತ್ತೆ ಕೆಲಸ ಮಾಡತೊಡಗಿತು. ಅದರಿಂದ ಬಂದ ಸಂದೇಶಗಳನ್ನು ಓದಿ ನೆರೆಯ ಸ್ವಿಚ್ಚುಗಳು ತಮ್ಮ ದಾಖಲೆಯನ್ನು ತಿದ್ದಿಕೊಳ್ಳುತ್ತಿರುವಾಗಲೇ ಅತಿ ಸಮೀಪದಲ್ಲಿ ಎರಡನೆಯ ಸಂದೇಶ ಬಂದುದರಿಂದ, ಅವುಗಳ ತಂತ್ರಾಂಶದಲ್ಲಿದ್ದ ಒಂದು ತಪ್ಪು ಜಾಗೃತವಾಯಿತು. ಅವೂ ನಿಂತವು, ಅವೂ ಚೇತರಿಸಿಕೊಂಡವು, ಚೇತರಿಸಿಕೊಂಡು ತಮ್ಮ ನೆರೆಯವನ್ನು ಕೆಡವಿದವು. ೧೧೪ ಸ್ವಿಚ್ಚುಗಳಿಗೆ ಈ ಸೋಂಕು ಹರಡಿ, ಸುಮಾರು ಒಂಬತ್ತು ಗಂಟೆಗಳ ಕಾಲ ದೂರದ ಕರೆಗಳಲ್ಲಿ ಅರ್ಧದಷ್ಟು ನಿಷ್ಫಲವಾದವು. ತಪ್ಪು ಇದ್ದುದು ಹಿಂದಿನ ಡಿಸೆಂಬರಿನಲ್ಲಿ ಅಳವಡಿಸಿದ ಹೊಸ ತಂತ್ರಾಂಶದ ಒಂದೇ ಒಂದು ಆಜ್ಞೆಯಲ್ಲಿ. ಇಲ್ಲಿ ಮನಗಾಣಬೇಕಾದುದೇನೆಂದರೆ, ಜಾಲವನ್ನು ಕೆಡವಿದುದು ಮೊದಲಿನ ಸಣ್ಣ ತೊಂದರೆಯಲ್ಲ; ತೊಂದರೆಯಿಂದ ಪಾರಾಗುವ ವಿಧಾನವೇ. ಚೇತರಿಕೆಗೆಂದು ಬರೆದ ಆಜ್ಞೆಗಳು ನಿತ್ಯದ ಉಪಯೋಗಕ್ಕೆ ಬಾರದ ಕಾರಣ, ಅವುಗಳ ಪರೀಕ್ಷೆ ಎಂದಿಗೂ ಕಡಮೆಯೇ.

ಈ ಮಾತು ಊಹೆಯಲ್ಲವೆಂಬುದಕ್ಕೆ ಬಹುಕಾಲದ ಮೇಲೆ ಆಧಾರ ದೊರೆಯಿತು. ಟೊರಾಂಟೋ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೧೪ರಲ್ಲಿ ಕಸಾಂಡ್ರ, ಎಚ್‌ಬೇಸ್ ಮೊದಲಾದ ಐದು ವಿತರಿತ ವ್ಯವಸ್ಥೆಗಳಿಂದ ಆಯ್ದ ೧೯೮ ವೈಫಲ್ಯಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಇಡೀ ವ್ಯವಸ್ಥೆಯನ್ನೇ ಕೆಡವಿದ ಮಹಾವೈಫಲ್ಯಗಳ ಪೈಕಿ ಶೇಕಡಾ ೯೨ರಷ್ಟಕ್ಕೆ ಕಾರಣವಾದುದು, ತಂತ್ರಾಂಶವೇ ಗುರುತಿಸಿ ತಿಳಿಸಿದ್ದ, ಮಾರಕವಲ್ಲದ ದೋಷವನ್ನು ತಪ್ಪಾಗಿ ನಿರ್ವಹಿಸಿದ್ದು. ಎಂದರೆ ಕಾವಲುಗಾರನು ಕೂಗಿದ್ದನು. ಕೂಗನ್ನು ಕೇಳಿದವರು ಮಾಡಿದ ಕೆಲಸ ತಪ್ಪಾಗಿದ್ದಿತು.

೨. ಪ್ರಯೋಗಶಾಲೆಯ ಪರಂಪರೆ

ದೋಷವನ್ನು ಬೇಕೆಂದೇ ಒಳಹೊಗಿಸುವ ವಿದ್ಯೆ ಮೊದಲು ಬೆಳೆದುದು ಯಂತ್ರಾಂಶದ ಪರೀಕ್ಷೆಯಲ್ಲಿ. ಚಿಪ್ಪಿನ ಕಾಲುಗಳಿಗೆ ತಪ್ಪು ವಿದ್ಯುತ್ ಸಂಕೇತ ಕೊಡುವುದು, ನೆನಪಿನ ಕೋಶದಲ್ಲಿ ಒಂದು ಬಿಟ್ಟನ್ನು ತಿರುಗಿಸುವುದು ಇತ್ಯಾದಿ ಕ್ರಮಗಳು ೧೯೮೦ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್, ಫ್ರಾನ್ಸಿನ ತುಲೂಸ್ ಮೊದಲಾದೆಡೆಯ ಸಂಶೋಧನಾಲಯಗಳಲ್ಲಿ ಶಾಸ್ತ್ರೀಯ ರೂಪವನ್ನು ಪಡೆದುವು. ಆದರೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು ೧೯೯೦ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ನಿರ್ಮಿತವಾದ ‘ಆರ್ಕೆಸ್ಟ್ರಾ’ ಎಂಬ ಉಪಕರಣ. ಸಂದೇಶಗಳು ಸಾಗುವ ಪದರಗಳ ನಡುವೆ ಒಂದು ತೆಳುವಾದ ಪರೀಕ್ಷಾಪದರವನ್ನು ಇಟ್ಟು, ಮೊದಲೇ ಬರೆದ ವಿಧಿಯಂತೆ ಕೆಲವನ್ನು ಬೀಳಿಸಿ, ಕೆಲವನ್ನು ತಡಮಾಡಿ, ಕೆಲವುಗಳ ಅನುಕ್ರಮ ಬದಲಿಸುವುದು ಅದರ ಕಾರ್ಯ. ಪರೀಕ್ಷೆಗೆ ಒಳಗಾದ ತಂತ್ರಾಂಶದ ಒಂದಕ್ಷರವನ್ನೂ ಮುಟ್ಟಬೇಕಾಗಿರಲಿಲ್ಲ. ಮಾರುಕಟ್ಟೆಯಲ್ಲಿದ್ದ ಆರು ಟಿಸಿಪಿ ತಂತ್ರಾಂಶಗಳನ್ನು ಹೀಗೆ ಪರೀಕ್ಷಿಸಿ, ಒಂದೇ ನಿಯಮವನ್ನು ಅನುಸರಿಸುತ್ತೇವೆಂದು ಹೇಳಿಕೊಳ್ಳುವ ಅವು, ಸಂದೇಶ ಕಳೆದುಹೋದಾಗ ಒಂದೊಂದು ರೀತಿಯಲ್ಲಿ ನಡೆದುಕೊಳ್ಳುತ್ತವೆಂದು ಸಂಶೋಧಕರು ತೋರಿಸಿಕೊಟ್ಟರು.

೧೯೯೭ರಲ್ಲಿ ಇಟಲಿಯ ಪೀಸಾ ವಿಶ್ವವಿದ್ಯಾನಿಲಯದ ಲುಯಿಜಿ ರಿಟ್ಸೊ ‘ಡಮ್ಮಿನೆಟ್’ ಎಂಬ ಸಾಧನವನ್ನು ಪ್ರಕಟಿಸಿದನು. ಮೇಜಿನ ಮೇಲಿನ ಒಂದೇ ಯಂತ್ರದಲ್ಲಿ ದೂರದೇಶದ ನಿಧಾನವಾದ ಜಾಲವನ್ನು ಅನುಕರಿಸಲು ಅದರಿಂದ ಸಾಧ್ಯವಾಯಿತು. ಮುಂದೆ ಸುಮಾರು ೨೦೦೫ರ ಹೊತ್ತಿಗೆ ಲಿನಕ್ಸ್ ವ್ಯವಸ್ಥೆಯೊಳಗೇ ‘ನೆಟ್‌ಎಮ್’ ಎಂಬ ಭಾಗ ಸೇರಿ, ವಿಳಂಬ, ನಷ್ಟ, ಪುನರಾವೃತ್ತಿ, ಅನುಕ್ರಮಭಂಗ ಈ ನಾಲ್ಕನ್ನೂ ಒಂದೊಂದು ಸಾಲಿನ ಆಜ್ಞೆಯಿಂದ ಉಂಟುಮಾಡಬಹುದಾಯಿತು.

ಈ ಪರಂಪರೆಯ ಗುಣ ನಿಖರತೆ; ಅದರ ಮಿತಿ ಪ್ರಯೋಗಶಾಲೆಯ ಗೋಡೆ. ಪರೀಕ್ಷೆಗೆ ಒಳಗಾಗುತ್ತಿದ್ದುದು ಎರಡು ಮೂರು ಯಂತ್ರಗಳ ನಡುವಣ ವ್ಯವಹಾರವೇ ಹೊರತು, ನೂರಾರು ಭಾಗಗಳಿಂದ ಕೂಡಿ ದಿನವೂ ಬದಲಾಗುತ್ತಿರುವ ಜೀವಂತ ವ್ಯವಸ್ಥೆಯಲ್ಲ.

೩. ಕವಾಯತಿನ ಪರಂಪರೆ

ಎರಡನೆಯ ಧಾರೆಯ ಮೂಲ ವಿದ್ವತ್ತಿನಲ್ಲಿಲ್ಲ, ಶಿಸ್ತಿನಲ್ಲಿದೆ. ಅಮೆಜಾನ್ ಸಂಸ್ಥೆಯಲ್ಲಿ ೨೦೦೦ರ ದಶಕದ ಪೂರ್ವಾರ್ಧದಲ್ಲಿ ‘ವಿಪತ್ತುಗಳ ಒಡೆಯ’ ಎಂಬರ್ಥದ ಪದವಿಯನ್ನು ಹೊತ್ತಿದ್ದ ಜೆಸ್ಸಿ ರಾಬಿನ್ಸ್ ಬೆಂಕಿ ಆರಿಸುವ ದಳದಲ್ಲಿ ಶಿಕ್ಷಣ ಪಡೆದವನು. ಬೆಂಕಿಯನ್ನು ಎದುರಿಸುವುದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ, ಕವಾಯತಿನಿಂದಲೇ ಕಲಿಯಬೇಕೆಂಬ ತತ್ತ್ವವನ್ನು ಅವನು ಗಣಕಕೇಂದ್ರಗಳಿಗೆ ತಂದು, ‘ಗೇಮ್‌ಡೇ’ ಎಂಬ ದಿನಗಳನ್ನು ಏರ್ಪಡಿಸಿ, ದೊಡ್ಡ ವೈಫಲ್ಯಗಳನ್ನು ಬೇಕೆಂದೇ ಉಂಟುಮಾಡಿದನು. ಗೂಗಲ್ ಸಂಸ್ಥೆ ೨೦೦೬ರಲ್ಲಿ ‘ಡರ್ಟ್’ ಎಂಬ ಇದೇ ಬಗೆಯ ಅಭ್ಯಾಸವನ್ನು ಆರಂಭಿಸಿತು. ಇವುಗಳಲ್ಲಿ ಪರೀಕ್ಷೆಗೆ ಒಳಗಾದುದು ಯಂತ್ರಗಳಷ್ಟೇ ಅಲ್ಲ. ಯಾರು ಯಾರಿಗೆ ಹೇಳಬೇಕು, ಯಾರ ಅಪ್ಪಣೆ ಬೇಕು ಎಂಬ ಮನುಷ್ಯವ್ಯವಸ್ಥೆಯೂ ಹೌದು.

ನೆಟ್‌ಫ್ಲಿಕ್ಸ್ ಸಂಸ್ಥೆಯ ವೃತ್ತಾಂತ ಇಲ್ಲಿ ಬರುತ್ತದೆ. ೨೦೦೮ರ ಆಗಸ್ಟಿನಲ್ಲಿ ಅದರ ದತ್ತಾಂಶ ಭಂಡಾರ ಕೆಟ್ಟು, ಮೂರು ದಿನಗಳ ಕಾಲ ಸದಸ್ಯರಿಗೆ ಡಿವಿಡಿಗಳನ್ನು ಕಳುಹಿಸಲಾಗಲಿಲ್ಲ. ಎಲ್ಲವನ್ನೂ ಒಂದೇ ಕಡೆ ಕೂಡಿಟ್ಟುದರ ಅಪಾಯ ಇದರಿಂದ ಮನದಟ್ಟಾಗಿ, ಸಂಸ್ಥೆ ತನ್ನ ವ್ಯವಸ್ಥೆಯನ್ನು ಕಿರುಸೇವೆಗಳಾಗಿ ಒಡೆದು, ಅಮೆಜಾನಿನ ಬಾಡಿಗೆ ಯಂತ್ರಗಳಿಗೆ ಸಾಗಿಸತೊಡಗಿತು. ಈ ವರ್ಗಾವಣೆ ಮುಗಿದುದು ೨೦೧೬ರ ಜನವರಿಯಲ್ಲಿ. ಬಾಡಿಗೆಯ ಯಂತ್ರ ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದಾದುದರಿಂದ, ಆ ಮಾಯವಾಗುವಿಕೆಯನ್ನು ನಿತ್ಯದ ಅನುಭವವನ್ನಾಗಿ ಮಾಡಲು ಕೇಯಾಸ್ ಮಂಕಿ ಹುಟ್ಟಿತು. ಅದು ಕಚೇರಿಯ ವೇಳೆಯಲ್ಲಿ, ಎಲ್ಲ ಇಂಜಿನಿಯರುಗಳೂ ಎಚ್ಚರವಾಗಿರುವಾಗ, ನಿಜವಾದ ಗ್ರಾಹಕರಿಗೆ ಸೇವೆ ಸಲ್ಲಿಸುತ್ತಿದ್ದ ಯಂತ್ರಗಳಲ್ಲೊಂದನ್ನು ಆರಿಸಿ ನಿಲ್ಲಿಸಿಬಿಡುತ್ತಿದ್ದಿತು. ೨೦೧೨ರಲ್ಲಿ ಅದರ ಮೂಲಪಾಠವನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಯಿತು.

ಇದರ ಸಾಮಾಜಿಕ ಪರಿಣಾಮ ತಾಂತ್ರಿಕ ಪರಿಣಾಮಕ್ಕಿಂತ ದೊಡ್ಡದು. ಯಂತ್ರ ಸಾಯುತ್ತದೆಂದು ಹೇಳಿ ಇಂಜಿನಿಯರನನ್ನು ಎಚ್ಚರಿಸುವುದು ಬೇರೆ. ಇಂದು ಮಧ್ಯಾಹ್ನವೇ ಅದನ್ನು ಕೊಲ್ಲುತ್ತೇವೆಂದು ಹೇಳುವುದು ಬೇರೆ. ಎರಡನೆಯ ಮಾತನ್ನು ಕೇಳಿದವನು ತನ್ನ ತಂತ್ರಾಂಶವನ್ನು ಬೇರೆ ರೀತಿಯಲ್ಲಿ ಬರೆಯುತ್ತಾನೆ. ಆದರೆ ಈ ಪರೀಕ್ಷೆ ಉತ್ತರಿಸಿದ ಪ್ರಶ್ನೆ ಒಂದೇ: ಒಂದು ಭಾಗ ಪೂರ್ತಿಯಾಗಿ ಇಲ್ಲವಾದರೆ ಏನಾಗುತ್ತದೆ?

೪. ವಿಳಂಬದ ಪಾಠ

ಭಾಗವೊಂದು ಇಲ್ಲವಾಗದೆ ನಿಧಾನವಾದರೆ ಏನಾಗುತ್ತದೆ ಎಂಬುದು ಇನ್ನೂ ಕಠಿನವಾದ ಪ್ರಶ್ನೆ. ಸಾಮಾನ್ಯ ಬುದ್ಧಿಗೆ ನಿಧಾನವೇ ಮೇಲೆಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ. ಒಂದು ಸೇವೆಗೆ ಸೆಕೆಂಡಿಗೆ ೧೦೦ ಕೋರಿಕೆಗಳು ಬರುತ್ತಿದ್ದು, ಪ್ರತಿಯೊಂದಕ್ಕೂ ಇನ್ನೊಂದು ಸೇವೆಯಿಂದ ಉತ್ತರ ಪಡೆಯಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಆಗ ಯಾವುದೇ ಗಳಿಗೆಯಲ್ಲಿ ಕಾಯುತ್ತಿರುವ ಕೋರಿಕೆಗಳು ಸರಾಸರಿ ೫. ಉತ್ತರ ಕೊಡುವ ಸೇವೆ ಸತ್ತುಹೋಗಿ, ಸಂಪರ್ಕ ತಕ್ಷಣ ನಿರಾಕೃತವಾದರೆ, ಕಾಯುವವರೇ ಇರುವುದಿಲ್ಲ. ಕರೆದ ಸೇವೆ ಬೇರೆ ದಾರಿ ಹಿಡಿಯುತ್ತದೆ. ಅದೇ ಸೇವೆ ಸಾಯದೆ ೫ ಸೆಕೆಂಡು ತಡಮಾಡಿದರೆ ಕಾಯುವ ಕೋರಿಕೆಗಳು ೫೦೦ ಆಗುತ್ತವೆ. ಅಷ್ಟು ಸ್ಥಳ ಕರೆದ ಸೇವೆಯಲ್ಲಿ ಇಲ್ಲದಿದ್ದರೆ ಅದೂ ನಿಲ್ಲುತ್ತದೆ; ಅದನ್ನು ಕರೆದುದೂ ನಿಲ್ಲುತ್ತದೆ. ಇದರ ಮೇಲೆ, ಉತ್ತರ ಬಾರದಿದ್ದರೆ ಮತ್ತೆ ಕೇಳಬೇಕೆಂಬ ಒಳ್ಳೆಯ ಅಭ್ಯಾಸವಿದೆ. ಮೂರು ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ಮೂರು ಬಾರಿ ಯತ್ನಿಸಿದರೆ, ಮೇಲಿನ ಒಂದು ಕೋರಿಕೆ ಅತ್ಯಂತ ಕೆಳಗಿನ ಸೇವೆಯ ಬಾಗಿಲಲ್ಲಿ ೨೭ ಕೋರಿಕೆಗಳಾಗಿ ನಿಲ್ಲುತ್ತದೆ. ದಣಿದವನ ಮೇಲೆ ಇಪ್ಪತ್ತೇಳರಷ್ಟು ಹೊರೆ ಬಿದ್ದಂತಾಯಿತು.

ಇದಕ್ಕೆ ಪರಿಹಾರಗಳು ತಿಳಿಯದೆ ಇರಲಿಲ್ಲ. ಮೈಕೆಲ್ ನೈಗಾರ್ಡ್ ೨೦೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಲಮಿತಿ, ಮನೆಯ ವಿದ್ಯುತ್ ತಂತಿಯಲ್ಲಿರುವಂತೆ ಹೊರೆ ಮಿತಿಮೀರಿದಾಗ ಸಂಪರ್ಕ ಕಡಿಯುವ ಸರ್ಕ್ಯೂಟ್ ಬ್ರೇಕರು, ಹಡಗಿನ ತಳದ ಅಡ್ಡಗೋಡೆಗಳಂತೆ ಒಂದು ಕೋಣೆಯ ನೀರು ಇನ್ನೊಂದಕ್ಕೆ ಹೋಗದಂತೆ ತಡೆಯುವ ವಿಭಜನೆ ಇವನ್ನು ವಿವರಿಸಿದ್ದನು. ಆದರೆ ಪರಿಹಾರವನ್ನು ಅಳವಡಿಸುವುದು ಒಂದು. ಅದು ಕೆಲಸ ಮಾಡುತ್ತದೆಂದು ತಿಳಿಯುವುದು ಇನ್ನೊಂದು. ೨೦೧೧ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಪ್ರಕಟಿಸಿದ ಉಪಕರಣಗಳ ಸಮೂಹದಲ್ಲಿ ‘ಲೇಟೆನ್ಸಿ ಮಂಕಿ’ ಎಂಬುದೂ ಇದ್ದಿತು. ಸೇವೆಗಳ ನಡುವಣ ಸಂವಹನದಲ್ಲಿ ಕೃತಕ ವಿಳಂಬವನ್ನು ಉಂಟುಮಾಡುವುದು ಅದರ ಕೆಲಸ. ದೋಷಪ್ರವೇಶ ಯಂತ್ರದಿಂದ ಸಂಚಾರಕ್ಕೆ ದಾಟಿದ ಘಟ್ಟ ಇದು.

ಈ ಎರಡನೆಯ ಮಂಕಿ ಮೊದಲನೆಯದರಷ್ಟು ಪ್ರಸಿದ್ಧವಾಗದಿದ್ದುದಕ್ಕೆ ಕಾರಣವನ್ನು ಸಂಸ್ಥೆಯೇ ೨೦೧೪ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿದೆ; ಪ್ರಶಸ್ತಿಯ ನಡುವೆ ಸಿಕ್ಕುವ ಇಂಥ ತಪ್ಪೊಪ್ಪಿಗೆ ಚರಿತ್ರಕಾರನಿಗೆ ಅಮೂಲ್ಯವಾದುದು. ಒಂದು ಸೇವೆಯನ್ನು ನಿಧಾನಗೊಳಿಸಿದರೆ ಅದನ್ನು ಕರೆಯುವ ಎಲ್ಲ ಸೇವೆಗಳೂ, ಅವಕ್ಕೆ ಇಷ್ಟವಿರಲಿ ಇಲ್ಲದಿರಲಿ, ಬಾಧೆಗೆ ಒಳಗಾಗುತ್ತಿದ್ದುವು. ರಕ್ಷಣೋಪಾಯಗಳು ಸರಿಯಾಗಿ ಕೆಲಸ ಮಾಡದಿದ್ದಲ್ಲಿ ಗ್ರಾಹಕರಿಗೂ ತೊಂದರೆ ತಟ್ಟುತ್ತಿದ್ದಿತು. ಆದ್ದರಿಂದ ಆ ವರ್ಷ ‘ಫಿಟ್’ ಎಂಬ ಹೊಸ ವ್ಯವಸ್ಥೆಯನ್ನು ರಚಿಸಲಾಯಿತು. ಇದರಲ್ಲಿ ಕೋರಿಕೆ ಹೆಬ್ಬಾಗಿಲನ್ನು ದಾಟುವಾಗಲೇ ಅದಕ್ಕೊಂದು ಗುರುತು ಅಂಟಿಸಲಾಗುತ್ತದೆ. ಆ ಗುರುತು ಕೋರಿಕೆಯೊಡನೆ ಸೇವೆಯಿಂದ ಸೇವೆಗೆ ಸಾಗುತ್ತದೆ. ಗುರುತುಳ್ಳ ಕೋರಿಕೆಗೆ ಮಾತ್ರ, ನಿಗದಿಯಾದ ಸ್ಥಳದಲ್ಲಿ, ದೋಷ ಎದುರಾಗುತ್ತದೆ. ಪರೀಕ್ಷೆಯನ್ನು ಮೊದಲು ಒಬ್ಬ ಪರೀಕ್ಷಕನ ಖಾತೆಗೆ ಸೀಮಿತಗೊಳಿಸಿ, ಅನಂತರ ಗ್ರಾಹಕರ ಅಲ್ಪಭಾಗಕ್ಕೆ ವಿಸ್ತರಿಸಬಹುದಾಯಿತು.

೫. ಎರಡು ಧಾರೆಗಳ ಸಂಗಮ

ಮೇಲ್ಕಂಡ ಸಾಧನಗಳೆಲ್ಲ ಆ ಒಂದು ಸಂಸ್ಥೆಯ ತಂತ್ರಾಂಶಕ್ಕೆ ಹೆಣೆದುಕೊಂಡಿದ್ದುವು. ಬೇರೆಯವರಿಗೆ ಅವು ದೊರೆಯಬೇಕಾದರೆ ದೋಷಪ್ರವೇಶ ಸೇವೆಯ ಒಳಗಲ್ಲ, ಸೇವೆಗಳ ನಡುವೆ ನಡೆಯಬೇಕಾಗಿದ್ದಿತು. ಆರ್ಕೆಸ್ಟ್ರಾ ಇಪ್ಪತ್ತು ವರ್ಷಗಳ ಹಿಂದೆ ತೋರಿದ್ದ ದಾರಿಯೇ ಅದು. ಕೆನಡಾದ ಶಾಪಿಫೈ ಸಂಸ್ಥೆಯವರು ೨೦೧೪ರ ಸುಮಾರಿಗೆ ರಚಿಸಿದ ‘ಟಾಕ್ಸಿಪ್ರಾಕ್ಸಿ’, ಎರಡು ಸೇವೆಗಳ ನಡುವೆ ನಿಂತು ಸಂದೇಶಗಳನ್ನು ಸಾಗಿಸುವ ಪ್ರಾಕ್ಸಿ ಎಂಬ ಮಧ್ಯವರ್ತಿಯ ಕೈಗೇ ವಿಳಂಬ ಮೊದಲಾದ ‘ವಿಷ’ಗಳನ್ನು ಕೊಟ್ಟಿತು. ೨೦೧೬ರಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರೂ ಅವರ ವಿಶ್ವವಿದ್ಯಾನಿಲಯದ ಸಹೋದ್ಯೋಗಿಗಳೂ ಸೇರಿ ‘ಗ್ರೆಮ್ಲಿನ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಇದೇ ಹೆಸರಿನ ವ್ಯಾಪಾರಸಂಸ್ಥೆ ಬೇರೆ. ಎರಡನ್ನೂ ಒಂದೆಂದು ಭಾವಿಸಬಾರದು. ಸಂದೇಶವನ್ನು ಕಡಿಯುವುದು, ತಡಮಾಡುವುದು, ಮಾರ್ಪಡಿಸುವುದು ಎಂಬ ಮೂರೇ ಮೂಲಕ್ರಿಯೆಗಳಿಂದ ಎಲ್ಲ ಬಗೆಯ ವೈಫಲ್ಯಗಳನ್ನೂ ಕಟ್ಟಬಹುದೆಂದು ಅವರು ತೋರಿಸಿದರು.

ಅವರು ಪರೀಕ್ಷಿಸಿದ ತಂತ್ರಾಂಶಗಳಲ್ಲಿ ವರ್ಡ್‌ಪ್ರೆಸ್ಸಿಗೆ ಜೋಡಿಸುವ ಎಲಾಸ್ಟಿಕ್‌ಪ್ರೆಸ್ ಒಂದು. ಶೋಧಕ ಸೇವೆ ಸಂಪರ್ಕಕ್ಕೆ ಸಿಗದೆಹೋದಾಗ ಅದು ಜಾಣತನದಿಂದ ಸಾಮಾನ್ಯ ದತ್ತಾಂಶ ಭಂಡಾರಕ್ಕೆ ತಿರುಗಿಕೊಳ್ಳುತ್ತಿದ್ದಿತು. ಶೋಧಕ ಸೇವೆ ನಿಧಾನವಾದಾಗಲೋ, ಅದು ಎಷ್ಟು ತಡಮಾಡಿತೋ ಅಷ್ಟೂ ಹೊತ್ತು ಸುಮ್ಮನೆ ಕಾಯುತ್ತಿದ್ದಿತು. ಮರಣಕ್ಕೆ ಸಿದ್ಧತೆಯಿತ್ತು, ವಿಳಂಬಕ್ಕೆ ಇರಲಿಲ್ಲ. ನಮ್ಮ ಮುಖ್ಯ ಪ್ರತಿಪಾದನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

೨೦೧೭ರ ಮೇ ತಿಂಗಳಲ್ಲಿ ಗೂಗಲ್, ಐಬಿಎಂ, ಲಿಫ್ಟ್ ಸಂಸ್ಥೆಗಳು ಸೇರಿ ‘ಇಸ್ಟಿಯೊ’ ಎಂಬ ಸೇವಾಜಾಲವನ್ನು ಬಿಡುಗಡೆ ಮಾಡಿದುವು. ಇದರಲ್ಲಿ ಪ್ರತಿ ಸೇವೆಯ ಪಕ್ಕದಲ್ಲಿಯೂ ‘ಎನ್ವಾಯ್’ ಎಂಬ ಒಂದು ಪ್ರಾಕ್ಸಿ ನಿಂತು ಸಂದೇಶಗಳನ್ನೆಲ್ಲ ತಾನೇ ಸಾಗಿಸುವುದರಿಂದ, ದೋಷಪ್ರವೇಶ ಕೆಲವೇ ಸಾಲುಗಳ ಸೂಚನೆಯಿಂದ ಸಾಧ್ಯವಾಯಿತು. ಕಲಿಯುವವರಿಗೆಂದು ಅದರ ಕೈಪಿಡಿಯಲ್ಲಿ ಕೊಟ್ಟಿರುವ ‘ಬುಕ್‌ಇನ್ಫೊ’ ಎಂಬ ಮಾದರಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಈ ಮಾದರಿ ಒಂದು ಪುಸ್ತಕವನ್ನು ಕುರಿತ ಪುಟವನ್ನು ತೋರಿಸುತ್ತದೆ. ಪುಟದ ಸೇವೆ ವಿಮರ್ಶೆಗಳ ಸೇವೆಯನ್ನು ಕರೆಯುತ್ತದೆ. ವಿಮರ್ಶೆಗಳ ಸೇವೆ ಅಂಕಗಳ ಸೇವೆಯನ್ನು ಕರೆಯುತ್ತದೆ. ವಿಮರ್ಶೆಗಳ ಸೇವೆ ಅಂಕಗಳಿಗಾಗಿ ೧೦ ಸೆಕೆಂಡುಗಳವರೆಗೆ ಕಾಯಲು ಸಿದ್ಧವಾಗಿದೆ. ಈಗ ಅಂಕಗಳ ದಾರಿಯಲ್ಲಿ ಬೇಕೆಂದೇ ೭ ಸೆಕೆಂಡುಗಳ ವಿಳಂಬವನ್ನು ಇಟ್ಟರೆ, ಏಳು ಹತ್ತಕ್ಕಿಂತ ಕಡಮೆಯಾದುದರಿಂದ, ಪುಟ ತಡವಾಗಿಯಾದರೂ ಸರಿಯಾಗಿ ಬರಬೇಕು. ಆದರೆ ಬರುವುದಿಲ್ಲ, ವಿಮರ್ಶೆಗಳು ಸದ್ಯ ದೊರೆಯವೆಂಬ ಕ್ಷಮಾಪಣೆ ಸುಮಾರು ೬ ಸೆಕೆಂಡುಗಳಲ್ಲಿ ಕಾಣುತ್ತದೆ. ಕಾರಣವೇನೆಂದರೆ, ಪುಟದ ಸೇವೆ ವಿಮರ್ಶೆಗಳಿಗಾಗಿ ಕಾಯುವುದು ೩ ಸೆಕೆಂಡು ಮಾತ್ರ. ಮತ್ತೊಮ್ಮೆ ಯತ್ನಿಸಿ ಇನ್ನು ೩ ಸೆಕೆಂಡು ಕಾದು ಅದು ಕೈಬಿಡುತ್ತದೆ. ಅಂಕಗಳು ತಡವಾದ ಮಾತ್ರಕ್ಕೆ, ಸಿದ್ಧವಾಗಿಯೇ ಇದ್ದ ವಿಮರ್ಶೆಗಳೂ ಓದುಗನಿಗೆ ದೊರೆಯದೆಹೋದುವು. ಈ ತಪ್ಪನ್ನು ಕೈಪಿಡಿಯ ಕರ್ತೃಗಳು ಪಾಠಕ್ಕಾಗಿಯೇ ಇರಿಸಿದ್ದಾರೆ. ವಿಮರ್ಶೆಗಳ ಸೇವೆಯ ಮೂರನೆಯ ಆವೃತ್ತಿಯಲ್ಲಿ ಹತ್ತು ಸೆಕೆಂಡುಗಳನ್ನು ಎರಡೂವರೆಗೆ ಇಳಿಸಿ ತಿದ್ದಿದ್ದಾರೆ.

ಇಲ್ಲಿ ತಪ್ಪು ಯಾರದು? ಹತ್ತು ಸೆಕೆಂಡು ಕಾಯುವುದೂ ತಪ್ಪಲ್ಲ. ಮೂರು ಸೆಕೆಂಡು ಕಾಯುವುದೂ ತಪ್ಪಲ್ಲ. ಬೇರೆ ಬೇರೆ ತಂಡಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿ ತೀರ್ಮಾನಿಸಿದ ಎರಡು ಸಂಖ್ಯೆಗಳು ಎಂದೂ ಪರಸ್ಪರ ಭೇಟಿಯಾಗಿರಲಿಲ್ಲ. ಒಂದೊಂದು ಸೇವೆಯನ್ನು ಬಿಡಿಯಾಗಿ ಎಷ್ಟು ಪರೀಕ್ಷಿಸಿದರೂ ಇದು ಹೊರಬೀಳದು. ಸೇವೆಯನ್ನು ಕೊಂದು ನೋಡಿದರೂ ಹೊರಬೀಳದು. ನಡುದಾರಿಯಲ್ಲಿ ತಡೆದಾಗಲೇ ಕಾಣುತ್ತದೆ. ಸಂಚಾರದಲ್ಲಿ ದೋಷಪ್ರವೇಶ ಮಾಡುವುದರ ಸಾರ್ಥಕತೆ ಇದೇ.

ಈ ಪದ್ಧತಿ ಅನಂತರ ಬೇಗನೆ ಹರಡಿತು. ಅಮೆಜಾನ್ ೨೦೨೧ರಲ್ಲಿ ದೋಷಪ್ರವೇಶವನ್ನೇ ಒಂದು ಬಾಡಿಗೆ ಸೇವೆಯನ್ನಾಗಿ ತೆರೆಯಿತು. ಬೆಂಗಳೂರಿನ ಇಂಜಿನಿಯರುಗಳು ಮುಖ್ಯ ಪಾತ್ರವಹಿಸಿ ಬೆಳೆಸಿದ ‘ಲಿಟ್ಮಸ್’ ಎಂಬ ಮುಕ್ತ ಉಪಕರಣ ೨೦೨೦ರಲ್ಲಿ ಸಿಎನ್‌ಸಿಎಫ್ ಎಂಬ ಅಂತರರಾಷ್ಟ್ರೀಯ ಪ್ರತಿಷ್ಠಾನದ ಆಶ್ರಯಕ್ಕೆ ಬಂದುದನ್ನು ಕನ್ನಡ ವಾಚಕರು ಅಭಿಮಾನದಿಂದ ಸ್ಮರಿಸಬಹುದು.

೬. ಮಿತಿಗಳು ಮತ್ತು ಹೊಣೆ

ಈ ಪದ್ಧತಿಯ ಮಿತಿಗಳನ್ನೂ ಹೇಳದಿದ್ದರೆ ನಾವೂ ಪ್ರಶಸ್ತಿಕಾರರೇ ಆಗುತ್ತೇವೆ. ಮೊದಲನೆಯದು ಸಂಖ್ಯೆಯ ಮಿತಿ. ೧೦೦ ಸೇವೆಗಳಲ್ಲಿ ಯಾವ ಯಾವವು ಒಟ್ಟಿಗೆ ಕೆಡಬಹುದೆಂಬ ಸಂಯೋಗಗಳು ಎರಡರ ನೂರನೆಯ ಘಾತದಷ್ಟು. ಬರೆದರೆ ಮೂವತ್ತೊಂದು ಅಂಕಿಗಳ ಸಂಖ್ಯೆ. ಎಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯ. ಪೀಟರ್ ಅಲ್ವಾರೊ ಮತ್ತು ಅವನ ಸಹಚರರು ೨೦೧೫ರಲ್ಲಿ, ಸರಿಯಾಗಿ ನಡೆದ ಕಾರ್ಯವೊಂದು ಯಾವ ಯಾವ ಆಧಾರಗಳ ಮೇಲೆ ನಿಂತಿದೆಯೆಂದು ಹಿಂದಕ್ಕೆ ಹುಡುಕಿ, ಅದನ್ನು ಕೆಡಿಸಬಲ್ಲ ದೋಷಗಳನ್ನು ಮಾತ್ರ ಆರಿಸುವ ಕ್ರಮವನ್ನು ಸೂಚಿಸಿದರು. ಅದರಿಂದ ಹುಡುಕಾಟ ಕಿರಿದಾಯಿತು, ಮುಗಿಯಲಿಲ್ಲ. ಎರಡನೆಯದು ಕಲ್ಪನೆಯ ಮಿತಿ: ನಾವು ಊಹಿಸಬಲ್ಲ ದೋಷವನ್ನಷ್ಟೇ ಒಳಹೊಗಿಸಬಲ್ಲೆವು. ೧೯೯೦ರ ನ್ಯೂಯಾರ್ಕಿನ ಸ್ವಿಚ್ಚಿನಂತೆ, ಎರಡು ಸಂದೇಶಗಳು ಅಷ್ಟು ಸಮೀಪದಲ್ಲಿ ಬರಬಹುದೆಂದು ಯಾರೂ ಎಣಿಸದಿದ್ದರೆ, ಆ ಪರೀಕ್ಷೆಯನ್ನು ಬರೆಯುವವರೂ ಇರುವುದಿಲ್ಲ.

ಮೂರನೆಯದು ಹೊಣೆಯ ಪ್ರಶ್ನೆ. ಈ ಲೇಖಕನ ದೃಷ್ಟಿಯಲ್ಲಿ ಇದೇ ಮುಖ್ಯವಾದುದು. ಇಸ್ಟಿಯೊ ಕೈಪಿಡಿಯಲ್ಲಿ ಏಳು ಸೆಕೆಂಡುಗಳ ವಿಳಂಬವನ್ನು ಅನುಭವಿಸುವವನು ‘ಜೇಸನ್’ ಎಂಬ ಕಲ್ಪಿತ ಬಳಕೆದಾರ. ಜೀವಂತ ವ್ಯವಸ್ಥೆಯಲ್ಲಿ ಆ ವಿಳಂಬ ತಟ್ಟುವುದು ನಿಜವಾದ ಮನುಷ್ಯನಿಗೆ. ಅವನು ತನ್ನ ಮೇಲೆ ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದವನಲ್ಲ. ಈ ಪದ್ಧತಿಗೆ ಹೆಸರು ಬಂದುದು ಚಲನಚಿತ್ರಗಳನ್ನು ತೋರಿಸುವ ಸಂಸ್ಥೆಯಿಂದ. ಅಲ್ಲಿ ಪರೀಕ್ಷೆ ಕೈಮೀರಿದರೆ ಒಬ್ಬನ ಸಂಜೆಯ ಮನರಂಜನೆ ಕೆಡುತ್ತದೆ. ಹಣಕಾಸು, ಆಸ್ಪತ್ರೆ, ದೂರವಾಣಿಗಳ ವ್ಯವಸ್ಥೆಗಳಲ್ಲಿ ನಷ್ಟದ ತೂಕ ಬೇರೆ. ಹಾಗೆಂದು ಅಲ್ಲಿ ಪರೀಕ್ಷೆಯೇ ಕೂಡದೆನ್ನುವುದೂ ಸರಿಯಲ್ಲ. ಪರೀಕ್ಷೆ ಇಲ್ಲದ ಕಡೆ ಮೊದಲ ಪರೀಕ್ಷೆ ವಿಪತ್ತೇ ಆಗುತ್ತದೆ, ಮತ್ತು ಅದು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ೨೦೨೫ರ ಜನವರಿ ೧೭ರಿಂದ ಅನ್ವಯಕ್ಕೆ ಬಂದ ‘ಡೋರಾ’ ಎಂಬ ಶಾಸನ, ಹಣಕಾಸಿನ ಸಂಸ್ಥೆಗಳು ತಮ್ಮ ಗಣಕವ್ಯವಸ್ಥೆಗಳ ತಾಳಿಕೆಯನ್ನು ಕ್ರಮವಾಗಿ ಪರೀಕ್ಷಿಸಬೇಕೆಂದು ವಿಧಿಸಿದುದು ಈ ವಿವೇಕದ ಒಂದು ಗುರುತು. ಹಾನಿಯ ವ್ಯಾಪ್ತಿಯನ್ನು ಸಾಧ್ಯವಾದಷ್ಟೂ ಕಿರಿದಾಗಿ ಇಡಬೇಕೆಂಬುದನ್ನು ಈ ವಿದ್ಯೆಯ ಪ್ರವರ್ತಕರೂ ತಮ್ಮ ಸೂತ್ರಗಳಲ್ಲಿ ಸೇರಿಸಿಕೊಂಡಿದ್ದಾರೆ.

ಈ ಹಿನ್ನೆಲೆಯಲ್ಲಿ ನೋಡಿದಾಗ, ಲೇಟೆನ್ಸಿ ಮಂಕಿಯಿಂದ ಫಿಟ್‌ಗೆ, ಅಲ್ಲಿಂದ ಇಸ್ಟಿಯೊಗೆ ನಡೆದ ಬೆಳವಣಿಗೆಯನ್ನು ಕೇವಲ ತಾಂತ್ರಿಕ ಸೌಕರ್ಯವೆಂದು ಎಣಿಸಲಾಗದು. ಎಲ್ಲರ ಮೇಲೆ ಒಮ್ಮೆಗೇ ಬೀಳುತ್ತಿದ್ದ ದೋಷವನ್ನು ಒಂದು ಕೋರಿಕೆಯ ಮೇಲೆ, ಒಂದು ಸ್ಥಳದಲ್ಲಿ, ಒಂದು ಅಳತೆಯಲ್ಲಿ ಮಾತ್ರ ಬೀಳುವಂತೆ ಮಾಡಿದುದು ಆ ಬೆಳವಣಿಗೆಯ ತಿರುಳು. ಪ್ರಯೋಗಶಾಲೆಯ ನಿಖರತೆ ಮತ್ತು ಕವಾಯತಿನ ಧೈರ್ಯ ಎರಡೂ ಕೂಡಿದಲ್ಲಿ ಮಾತ್ರ ಪರೀಕ್ಷೆ ಪ್ರಯೋಜನಕಾರಿಯೂ ಆಯಿತು, ಸಹ್ಯವೂ ಆಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗ��ು ಸ್ಪಷ್ಟವಾಗುತ್ತವೆ. ಒಂದು, ಸಂಚಾರದಲ್ಲಿ ದೋಷಪ್ರವೇಶ ಮಾಡುವ ವಿದ್ಯೆ ೨೦೧೦ರಲ್ಲಿ ಹುಟ್ಟಿದುದಲ್ಲ. ಮಿಷಿಗನ್ ಮತ್ತು ಪೀಸಾಗಳಲ್ಲಿ ಅದರ ಬೇರುಗಳಿವೆ. ಎರಡು, ವ್ಯವಸ್ಥೆಗಳನ್ನು ಕೆಡವುವುದು ಹೆಚ್ಚಾಗಿ ಮೊದಲ ದೋಷವಲ್ಲ, ದೋಷಕ್ಕೆ ಕೊಟ್ಟ ತಪ್ಪು ಉತ್ತರ. ಅದರಲ್ಲಿಯೂ ವಿಳಂಬಕ್ಕೆ ಕೊಟ್ಟ ಉತ್ತರ. ಮೂರು, ಈ ಪದ್ಧತಿಯ ಪ್ರಗತಿಯನ್ನು ಎಷ್ಟು ಕೆಡಿಸಬಲ್ಲೆವೆಂಬುದರಿಂದ ಅಳೆಯದೆ, ಎಷ್ಟು ಕಡಮೆ ಕೆಡಿಸಿ ಎಷ್ಟು ತಿಳಿಯಬಲ್ಲೆವೆಂಬುದರಿಂದ ಅಳೆಯಬೇಕು.

ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬನ್ನು ನೋಡಿಕೊಳ್ಳುವ ನೀರಗಂಟಿ, ಮಳೆಗಾಲಕ್ಕೆ ಮುಂಚೆ ತೂಬನ್ನು ಒಮ್ಮೆ ಎತ್ತಿ ಇಳಿಸಿ ನೋಡಿದರೆ, ಅದರಿಂದ ಸ್ವಲ್ಪ ನೀರು ಪೋಲಾದೀತು. ಆ ಸ್ವಲ್ಪ ನೀರು ಯಾರ ಹೊಲದ್ದೆಂಬುದನ್ನು ಬಲ್ಲವನು ಮಾತ್ರ ಅದನ್ನು ಎತ್ತಲು ತಕ್ಕವನು.